ಬಾಯಿತುಂಬ ಮಕ್ಕಳು

ನಮ್ಮ ಊಟದ ಮೇಜಿನ ಪಕ್ಕದ ಗಾಜಿನ ತೊಟ್ಟಿಯಲ್ಲಿ ಹತ್ತು ದಿನಗಳಿಂದ ಒಬ್ಬಾಕೆ ಉಪವಾಸವಿದ್ದಳು. ಹೆಬ್ಬೆರಳಿಗಿಂತ ತುಸು ಉದ್ದದ ಮೀನು, ಆಫ್ರಿಕದ ಯಾವುದೋ ನದಿಯ ಕುಲ. ಪುತ್ತೂರಿಗೆ ಹಲ್ಲುನೋವೆಂದು ಹೋದ ನಾನು ಹಲ್ಲನ್ನು ಅಲ್ಲಿಯೇ ಬಿಟ್ಟು, ಒಂದು ಗಂಡು ಎರಡು ಹೆಣ್ಣು ಮೀನುಗಳನ್ನು ಅಜ್ಜಾವರದ ಮನೆಗೆ ತಂದಿದ್ದೆ. ಈ ಜಾತಿಯ ತಾಯಿ ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತಾಳೆ, ಅಲ್ಲಿಯವರೆಗೆ ಏನನ್ನೂ ತಿನ್ನುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು. ಅಂಥವಳ ಎದುರು ಕುಳಿತು ನಾಲ್ಕನೆಯ ದೋಸೆಗೆ ಕೈ ಹಾಕುವಾಗಿನ ನಾಚಿಕೆಯನ್ನು, ಗೆಳೆಯರೇ, ನೀವು ಊಹಿಸಬಲ್ಲಿರಿ. ಆದರೂ ತಿನ್ನುತ್ತಿದ್ದೆ.

ಆಟಿ ತಿಂಗಳ ಮಳೆಗೆ ಚಳಿ ಬೇರೆ. ನಮ್ಮಲ್ಲಿ ಬಾಣಂತಿಯ ಆರೈಕೆಯೆಂದರೆ ಮೊದಲು ಬಿಸಿನೀರು. ಬಚ್ಚಲಿನ ತಾಮ್ರದ ಹಂಡೆಯಲ್ಲಿ ಹಿಂದಿನ ಸಂಜೆ ಕಾದ ನೀರು ಬೆಳಿಗ್ಗೆಯೂ ಉಗುರುಬೆಚ್ಚಗಿತ್ತು. ತೊಟ್ಟಿಯ ಅರ್ಧ ನೀರು ತೆಗೆದು ಅದನ್ನೇ ತುಂಬಿಸಿದೆ, ಬಾಣಂತನ ಮಾಡಿದ ಹೆಮ್ಮೆಯಿಂದ.

ಮಧ್ಯಾಹ್ನದ ಹೊತ್ತಿಗೆ ಉಳಿದೆರಡು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆಕೆಯ ಕಿವಿರುಗಳೂ ಒಂದೇ ಸವನೆ ಬಡಿದುಕೊಳ್ಳುತ್ತಿದ್ದವು. ಬಾಯಿ ಮಾತ್ರ ಕೂದಲೆಳೆಗಿಂತ ಹೆಚ್ಚು ತೆರೆಯಲಿಲ್ಲ. ತೆರೆದರೆ ಉಸಿರುಂಟು, ಮಕ್ಕಳಿಲ್ಲ. ನಾನು ಕೂಗಿಕೊಂಡೆ. ಹೆಂಡತಿ ಸರೋಜ ಓಡಿಬಂದು, ನೀರು ಎಲ್ಲಿಯದೆಂದು ಕೇಳಿದಳು. ಹೇಳಿದೆ.

"ತಾಮ್ರದ ಹಂಡೆಯದ್ದಾ ಮಾರಾಯ್ರೆ? ಅದರಲ್ಲಿ ನಾವು ಮಜ್ಜಿಗೆಯೇ ಇಡುದಿಲ್ಲ. ಪಾಪ, ಇವಳಿಗೆ ಹೇಳ್ಲಿಕ್ಕೆ ಬಾಯಿ ತೆರೆಯುವ ಹಾಗೂ ಇಲ್ಲ."

ತಾಮ್ರ ಇಳಿದ ನೀರು ಮೀನಿಗೆ ವಿಷವೆಂಬುದು, ವರ್ಷವರ್ಷ ತೋಟಕ್ಕೆ ತಾಮ್ರದ್ದೇ ಔಷಧವಾದ ಮೈಲುತುತ್ತು ಹೊಡೆಸುವ ನನಗೆ ತಿಳಿಯದ್ದೇನಲ್ಲ. ಆದರೆ ಪ್ರೀತಿ ಉಕ್ಕಿದಾಗ ನಾವು, ಎದುರಿನ ಜೀವಕ್ಕೆ ಏನು ಬೇಕೆಂದು ಕೇಳದೆ, ನಮ್ಮ ಮೈಗೆ ಹಿತವಾದುದನ್ನೇ ಅದರ ಮೇಲೆ ಸುರಿದುಬಿಡುತ್ತೇವೆ. ಬೇಡವೆನ್ನಲಾರದವರ ಮೇಲಂತೂ ಇನ್ನೆರಡು ಚೊಂಬು ಹೆಚ್ಚಿಗೆ. ಇಬ್ಬರೂ ಬಾವಿಯಿಂದ ಸೇದಿ ಸೇದಿ ನೀರು ಬದಲಿಸಿದೆವು. ಹೆಣ್ಣುಗಳು ಚೇತರಿಸಿಕೊಂಡವು. ಗಂಡು ಬದುಕಲಿಲ್ಲ. ಅದನ್ನು ದಾಸವಾಳದ ಬುಡದಲ್ಲಿ ಹೂಳುವಾಗ ಸರೋಜ ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಆಕೆ ಬಾಯಿ ತೆರೆದಳು. ಅಕ್ಕಿಕಾಳಿನಷ್ಟು ಮರಿಗಳು, ಮೈಗಿಂತ ಕಣ್ಣೇ ಹೆಚ್ಚು, ಒಂದೊಂದಾಗಿ ಹೊರಗೆ ಬಂದವು. ನನ್ನ ಕಣ್ಣು ತುಂಬಿತು. ಇನ್ನೂ ಹತ್ತಿರದಿಂದ ನೋಡಲು ಬಗ್ಗಿದೆ. ನನ್ನ ನೆರಳು ನೀರಿನ ಮೇಲೆ ಬಿದ್ದದ್ದೇ ತಡ, ಮರಿಗಳೆಲ್ಲ ಮುಗಿಬಿದ್ದು ತಾಯಿಯ ಬಾಯೊಳಗೆ ನುಗ್ಗಿದವು. ಆಕೆ ಬಾಯಿ ಮುಚ್ಚಿ, ಹಿಂದೆ ಸರಿದು, ನನ್ನನ್ನೇ ನೋಡುತ್ತ ನಿಂತಳು.

ನಾನು ಕುರ್ಚಿ ಎತ್ತಿಕೊಂಡು ಆಚೆ ಗೋಡೆಯ ಬಳಿ ಹೋಗಿ ಕುಳಿತೆ. ಅಲ್ಲಿಂದ ಮರಿಗಳು ಕಾಣುವುದಿಲ್ಲ.