ಚಿಗವ್ವನ ಕೂಗು ಮತ್ತು ಜಿನ್ನಿನ ಜಾಳಿಗೆ

ಬಿಸಿಯಾದ ತೊಗಲಿನ ವಾಸನೆ ಎಲ್ಲಿ ಬಂದರೂ ಸವಣೂರಿನ ನಮ್ಮ ಮನೆ ನೆನಪಾಗುತ್ತದೆ. ಐವತ್ತರ ದಶಕ, ಹಿತ್ತಲಿಗೆ ಅಂಟಿಕೊಂಡೇ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಅದರಲ್ಲಿ ಇಂಜಿನ್ನಿನಿಂದ ಯಂತ್ರಗಳಿಗೆ ಹಗಲೆಲ್ಲ ಓಡುವ ತೊಗಲಿನ ಪಟ್ಟಾ. ಅರಳೆ ಹಾರಿಬಂದು ನಮ್ಮ ರೊಟ್ಟಿಯ ಮೇಲೂ ಅಪ್ಪನ ಮೀಸೆಯ ಮೇಲೂ ಕೂರುತ್ತಿತ್ತು. ಅಪ್ಪ ಅಲ್ಲಿಯ ಫಿಟ್ಟರ್, ಕಾರ್ಮಿಕ ಸಂಘದ ಸೆಕ್ರೆಟರಿ. ಮನೆಯಲ್ಲೇ ಇದ್ದ ನನ್ನ ಚಿಕ್ಕಮ್ಮ, ಚಿಗವ್ವ, ಯಂತ್ರಕ್ಕೆ ಹತ್ತಿ ಉಣಿಸುವವಳು. ನಾನು? ಹತ್ತು ವರ್ಷದ ಮಂಗ. ಮ್ಯಾನೇಜರರ ಕೆಮ್ಮು, ಅಪ್ಪನ ಭಾಷಣ, ಪೆಟ್ಟು ತಿಂದ ನನ್ನದೇ ಅಳು, ಎಲ್ಲವನ್ನೂ ಅಣಕಿಸುತ್ತಿದ್ದೆ.

ಕೆಲಸದ ಮೇಲ್ವಿಚಾರಣೆಯ ಮುಕಾದಮ ಅಲ್ಲಿಯ ಬಹಳ ಹೆಂಗಸರಿಗೆ ವರಸೆಯಲ್ಲಿ ಮಾವ. ಹಾಗಾಗಿ ಅವನೆದುರು ಅವರು ಪಟ್ಟಾದ ಮಗ್ಗುಲಲ್ಲೂ ತಲೆತುಂಬ ಸೆರಗು ಹೊದ್ದೇ ಕೂರಬೇಕು. ಸೆರಗು ಪಟ್ಟಾಕ್ಕೆ ಸಿಕ್ಕರೆ ಕೂಗಬೇಕು. ಗೋಡೆಯ ಕಿಂಡಿಯಾಚೆ ಇಂಜಿನ್ ನಡೆಸುವ ಇಮಾಮಸಾಬ ಕಾಕಾ ಕೇಳಿ ನಿಲ್ಲಿಸಬೇಕು. ಇಷ್ಟೇ ರಕ್ಷಣೆ. ನಾನು ಕಿಂಡಿಯ ಹತ್ತಿರ ನಿಂತು ಚಿಗವ್ವನ ದನಿಯಲ್ಲಿ "ಅಯ್ಯಯ್ಯೋ, ನಿಂದರಸ್ರೀ!" ಎಂದು ಕೂಗುತ್ತಿದ್ದೆ. ಕಾಕಾ ಎರಡು ಸಲ ಗಡಬಡಿಸಿ ನಿಲ್ಲಿಸಿದರು. ಮೂರನೆಯ ಸಲ ಕೂಗಿದವಳು ಚಿಗವ್ವನೇ. "ಲೇ ಮಂಗ್ಯಾ, ಸಾಕ್ ಮಾಡೋ," ಎಂದು ಕಾಕಾ ನಕ್ಕು ಬೀಡಿ ಹಚ್ಚಿದರು. ಅಷ್ಟರಲ್ಲಿ ಸೆರಗಿನ ಜೊತೆ ಅವಳ ಬಲಗೈ ಹೋಗಿತ್ತು.

ಚಿಗವ್ವ ಆಸ್ಪತ್ರೆಯಿಂದ ಬಂದ ಮೇಲೆ ಸಂಘದವರು ಮ್ಯಾನೇಜರರ ಎದುರು ಸಭೆ ಕೂತು, ಪಟ್ಟಾಕ್ಕೆ ತಂತಿಯ ಜಾಳಿಗೆ, ಪ್ರತಿ ಯಂತ್ರದ ಬಳಿ ಗಂಟೆಯ ಹಗ್ಗ ಕೇಳಿದರು. ಮ್ಯಾನೇಜರರು ಕೆಮ್ಮಿ, "ನಿಮ್ಮ ಹುಡುಗನ ಚಾಷ್ಟಿಗೆ ಯಂತ್ರ ಏನ್ ಮಾಡೀತ್ರಿ, ಸೆಕ್ರೆಟರಿ?" ಎಂದರು. ಊರೆಲ್ಲ ಕೇಳುವ ಭಾಷಣಕಾರ ಬೇಡಿಕೆಯ ಕಾಗದ ಮಡಚತೊಡಗಿದ. ನಾನು ಅಪ್ಪನ ಬೆನ್ನ ಹಿಂದೆ ಸರಿದೆ. ಆಗ ಚಿಗವ್ವ ಎದ್ದಳು, ಬಟ್ಟೆ ಸುತ್ತಿದ ಮೊಂಡುಗೈ ಎದೆಗೊತ್ತಿಕೊಂಡು.

"ತಪ್ಪ ಅವಂದ ಖರೇನ್ರಿ. ಅವನ್ನ ಮನ್ಯಾಗ ನಾ ನೋಡ್ಕೋತೇನಿ. ಆದ್ರ ಒಂದ್ ಹುಡುಗ ಬಾಯಿ ಮಾಡಿದ್ರ ಹೋಗೂವಂಥಾ ಕೈ ಏನ್ರಿ ನಮ್ಮವು? ನಿಮ್ಮ ಮಗಳನ್ನ ಅಲ್ಲಿ ಕುಂದ್ರಸ್ತಿದ್ರೇನು?"

ಮರುದಿನ ಒಬ್ಬ ಹೆಂಗಸೂ ಒಳಗೆ ಹೋಗಲಿಲ್ಲ. ಶಿಗ್ಗಾಂವದಿಂದ ಬದಲಿ ಹೆಂಗಸರನ್ನು ಕರೆಸಿದರು. ಚಿಗವ್ವ ಬಾಗಿಲಲ್ಲಿ ನಿಂತು ಮೊಂಡುಗೈಗೆ ಸುತ್ತಿದ ಬಟ್ಟೆ ಬಿಚ್ಚಿ ತೋರಿಸಿದಳು. ಅವರು ಬಂದ ದಾರಿಯಲ್ಲೇ ತಿರುಗಿದರು. ಜಿನ್ನಿನ ಅಂಗಳದಲ್ಲಿ ಹತ್ತಿ ಗುಡ್ಡವಾಯಿತು, ಮೇಲೆ ಅಕಾಲದ ಅಡ್ಡಮಳೆಯ ಮೋಡ; ನೆನೆದರೆ ಎಲ್ಲ ಹಾಳು. ಮ್ಯಾನೇಜರರು ಜಾಳಿಗೆಗೂ ಗಂಟೆಗೂ ಒಪ್ಪಿದರು.

ಆ ಮನೆ, ಆ ಮಂದಿ ಈಗಿಲ್ಲ. ನಿಮ್ಮಲ್ಲೂ ಅಂಥ ಮನೆಯೊಂದು ಹೋಗಿರಬೇಕು. ನನಗೆ ಉಳಿದದ್ದು ಜಿನ್ನು ಮತ್ತೆ ಶುರುವಾದ ಮುಂಜಾನೆ. ಅಪ್ಪ ಬಿಗಿದ ಜಾಳಿಗೆಯ ಮೇಲೆ ಚಿಗವ್ವ ಎಡಗೈ ಊರಿ ನಿಂತಿದ್ದಳು. "ಬಾರೋ, ನೀನೂ ಇಡು," ಎಂದಳು. ಹೆದರುತ್ತ ಇಟ್ಟೆ. ನಮ್ಮಿಬ್ಬರ ಅಂಗೈ ಕೆಳಗೆ ಪಟ್ಟಾ ಓಡುತ್ತಲೇ ಇತ್ತು.