ಮಿರ್ಕಾಬಿನ ಎಲೆತಜ್ಞ

ಕುವೈತಿನ ಮಿರ್ಕಾಬಿನಲ್ಲಿ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೂತು, ಹದಿನೆಂಟು ವರ್ಷಗಳಿಂದ ಜನರನ್ನು ಜಪಾನಿಗೆ ಕೆಂಪು ಎಲೆ ನೋಡಲು ಕಳಿಸುತ್ತಿದ್ದವನು ನನ್ನ ಗೆಳೆಯ ಸೈಮನ್. ಅಕ್ಟೋಬರ್ ಕೊನೆಗೆ ನಿಕ್ಕೋ, ನವೆಂಬರ್ ಕೊನೆಗೆ ಕ್ಯೋಟೊ, ಡಿಸೆಂಬರ್ ಮೊದಲಿಗೆ ಕಮಾಕುರಾ, ಎಲ್ಲವೂ ಬಾಯಿಪಾಠ. ನನಗೋ ಎಲೆಯೆಂದರೆ ಬಾಳೆಎಲೆ; ಅದರ ಮೇಲೆ ಏನೂ ಬಡಿಸಿರದಿದ್ದರೆ ನೋಡುವ ಆಸಕ್ತಿಯೂ ಇಲ್ಲ. ಆದರೆ ಸೈಮನ್ ನೋಡಿದ ಎಲೆಗಳೆಲ್ಲ ಬ್ರೋಶರಿನವು. ಅವನಿಗೆ ರಜೆಯೆಂದರೆ ಮಂಗಳೂರು, ಮಂಗಳೂರೆಂದರೆ ಯಾರದಾದರೂ ಮದುವೆ.

೨೦೧೨ರಲ್ಲಿ ಹೆಂಡತಿ ಮೊಲ್ಲಿ ತೀರ್ಪು ಕೊಟ್ಟಳು: "ಕುವೈತಿಡೀ ಜಪಾನ್ ನೋಡಿ ಬಂದಾಯ್ತು. ಈ ವರ್ಷ ನಮ್ಮ ನಾಲ್ಕು ಕಣ್ಣು ಒಂದು ಕೆಂಪು ಎಲೆ ನೋಡ್ಬೇಕು. ಇಲ್ಲದಿದ್ರೆ ನಿಮ್ಮ ಬ್ರೋಶರಿನದ್ದೇ ಸಾರು ಮಾಡಿ ಬಡಿಸ್ತೇನೆ!"

ಸೈಮನ್ ನಿಕ್ಕೋಗೆ ಬುಕ್ ಮಾಡಿದ. ಆದರೆ ಪಾಸ್‌ಪೋರ್ಟು ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣಕ್ಕೆಂದು ಕಂಪನಿಯ ಕಾಗದಪತ್ರ ಹೊತ್ತು ಓಡಾಡುವ ಪುತ್ತಬ್ಬನ ಚೀಲದಲ್ಲಿತ್ತು.

"ಬುಕ್ರಾ ಆಗ್ತದೆ," ಎಂದ ಪುತ್ತಬ್ಬ. "ಫೋಟೋದಲ್ಲಿ ತಲೆಯ ಹಿಂದೆ ನೀಲಿ ಬೇಕು, ನಿಮ್ಮದು ಬಿಳಿ ಉಂಟು."

ಬುಕ್ರಾ ಎಂದರೆ ಅರಬಿಯಲ್ಲಿ ನಾಳೆ. ಪುತ್ತಬ್ಬನ ನಾಳೆಗೆ ತಾರೀಕಿಲ್ಲ. ಅಷ್ಟರಲ್ಲಿ ನಿಕ್ಕೋದ ಎಲೆ ಉದುರಿತು. ಸೈಮನ್ ಪ್ರವಾಸವನ್ನು ಕ್ಯೋಟೊಗೆ ಸರಿಸಿದ.

"ಈಗ ನೀಲಿ ಸರಿಯಾಯ್ತು. ಆದ್ರೆ ನಿಮ್ಮ ಕಿವಿ ಕಾಣುವುದಿಲ್ಲ ಮಾರಾಯ್ರೆ."

"ಎಲೆ ಕಾಯ್ತದಾ ಪುತ್ತಬ್ಬಾಕ?"

"ಎಲೆಗೆ ಇಕಾಮಾ ಬೇಡ, ಅದು ಹೋಗ್ತದೆ. ನಿಮಗೆ ಬೇಕು, ನೀವು ನಿಲ್ಲಿ."

ಕಿವಿ ಕಾಣುವಂತೆ ಸೈಮನ್ನನ ಕೂದಲು ಕತ್ತರಿಸಿದವನು ನಾನೇ. ಮೂರನೆಯ ಫೋಟೋ ಒಂದು ವಾರ ತಡವಾದದ್ದೂ ಆ ಕಾರಣಕ್ಕೇ. ಕ್ಯೋಟೊವೂ ಹೋಯಿತು.

ಕೊನೆಗೆ ಡಿಸೆಂಬರ್ ಎಂಟಕ್ಕೆ ಗಂಡಹೆಂಡತಿ ಕಮಾಕುರಾ ಮುಟ್ಟಿದರು. ಒಂದು ದೇವಾಲಯದ ಹಿಂದೆ ಒಂದೇ ಒಂದು ಮರ ಕೆಂಪು ಉಳಿಸಿಕೊಂಡು ನಿಂತಿತ್ತು. ಮೊಲ್ಲಿ ಶಿಲುಬೆಯ ಗುರುತು ಹಾಕಿಕೊಂಡಳು. ಸೈಮನ್ ಇನ್ನೇನು ತಲೆ ಎತ್ತಬೇಕು, ಫೋನು ಬಡಿದುಕೊಂಡಿತು. ಅವನೇ ಕಳಿಸಿದ್ದ ಗಿರಾಕಿ ಅಬು ಮಿಶಾಲ್, ಕ್ಯೋಟೊದಿಂದ.

"ಸೈಮನ್! ಇಲ್ಲಿ ಎಲೆ ಖಲಾಸ್! ಎಲ್ಲಿಗೆ ಹೋಗಲಿ?"

ಸೈಮನ್ನನಿಗೆ ಕಣ್ಣು ಮುಚ್ಚಿದರೆ ಮಾತ್ರ ಬ್ರೋಶರಿನ ಪುಟಗಳು ನೆನಪಾಗುತ್ತವೆ. ಮರಕ್ಕೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಶುರುಮಾಡಿದ: ಯಾವ ರೈಲು, ಎಲ್ಲಿ ಇಳಿಯಬೇಕು, ಯಾವ ದೇವಾಲಯದ ಹಿಂದೆ ಯಾವ ಮರ. ಗಾಳಿ ಎದ್ದಿತು.

"ರೀ, ತಿರುಗಿ ನೋಡಿ!" ಮೊಲ್ಲಿ ಕಿರುಚಿದಳು. ಸೈಮನ್ 'ಒಂದು ನಿಮಿಷ' ಎಂದು ಬೆರಳೆತ್ತಿದ. ಕೂಗಿ ಸುಸ್ತಾಗಿ ಅವಳು ಒಂದು ಫೋಟೋ ತೆಗೆದಳು. ಇಪ್ಪತ್ತು ನಿಮಿಷದ ಮೇಲೆ ಅವನು ತಿರುಗಿದಾಗ ಮರ ಸೌದೆಯಂತಿತ್ತು.

"ನಾಲ್ಕರಲ್ಲಿ ಎರಡು ಕಣ್ಣು ನೋಡಿತು," ಎಂದಳು ಮೊಲ್ಲಿ. "ಸಾರು ನಿಮಗೊಬ್ಬರಿಗೇ."

ಈಗ ಆ ಫೋಟೋ ಮಿರ್ಕಾಬಿನ ಆಫೀಸಿನ ಗೋಡೆಯಲ್ಲಿದೆ. ಬೆಂಕಿ ಹತ್ತಿದಂಥ ಮರ, ಅದರ ಮುಂದೆ ಕಣ್ಣು ಮುಚ್ಚಿ ಬೆರಳೆತ್ತಿ ನಿಂತ ಸೈಮನ್. "ನೀವೇ ನೋಡಿದ್ದೀರಾ?" ಎಂದು ಗಿರಾಕಿಗಳು ಕೇಳಿದರೆ, "ನಾನೇ ಹೋಗಿದ್ದೆ," ಎನ್ನುತ್ತಾನೆ.

ಪುತ್ತಬ್ಬ ಮಾತ್ರ ಅದನ್ನು ಬಹಳ ಹೊತ್ತು ಪರೀಕ್ಷಿಸಿದ.

"ಕಿವಿ ಸರಿ ಉಂಟು," ಎಂದ. "ಆದ್ರೆ ಹಿಂದೆ ಕೆಂಪು ನಡೆಯುವುದಿಲ್ಲ."