ಬೀಗಿತ್ತಿಯ ಟೋಪಿ

ಈ ಸಂಗತಿಯನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಇವತ್ತೂ ನೋಡಿ, ಮೊದಲು ನನ್ನ ಉಣ್ಣೆಯ ಟೋಪಿಯ ವಿಷಯವನ್ನೇ ಎತ್ತಿಕೊಂಡಿದ್ದೇನೆ. ನಾನು ನೆಲೆಸಿರುವ ಈ ಪರದೇಶದ ಊರು ವಿಟ್ಬಿಯ ಚಳಿಗೆ ನನ್ನ ಬೋಳುತಲೆಯ ಮೇಲೆ ವಿಶೇಷ ಪ್ರೀತಿಯಾದ್ದರಿಂದ, ದಸರೆಗೆ ಏರಿದ ಟೋಪಿ ಯುಗಾದಿ ಕಳೆದರೂ ಇಳಿಯುವುದಿಲ್ಲ. ನಮ್ಮ ಭಾಷೆಯಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು. ಹಾಗಾದರೆ ನಾನು ದಿನವೂ ನನಗೇ ಟೋಪಿ ಹಾಕಿಕೊಳ್ಳುತ್ತ ಬಂದವನು.

ನನ್ನ ಮಗ ಸುಧೀರ ಮದುವೆಯಾದದ್ದು ಪೋಲೆಂಡಿನಿಂದ ಬಂದ ಮನೆತನದ ಹುಡುಗಿಯನ್ನು. ಎಸ್ಸೆಸ್ಸೆಲ್ಸಿ ಮುಗಿಸಿ, ಪಕ್ಕದ ಒಶಾವಾದ ಕಾರ್ಖಾನೆಯಲ್ಲಿ ಕಾರುಗಳಿಗೆ ಬೋಲ್ಟು ಬಿಗಿಯುತ್ತಿದ್ದ ನಾನು, ಶಾಸ್ತ್ರವೆಲ್ಲ ನನ್ನ ಜೇಬಿನಲ್ಲೇ ಇದೆಯೆಂಬ ಗತ್ತಿನಲ್ಲಿದ್ದೆ. ಬೆಳಿಗ್ಗೆ ಸೊಸೆ ನಮ್ಮ ಪದ್ಧತಿಯಂತೆ ಬಾಸಿಂಗ ಕಟ್ಟಿಕೊಂಡು ಹಸೆಮಣೆಯ ಮೇಲೆ ಕುಳಿತಳು. ಅವಳ ತಾಯಿ ಒಂದೊಂದು ಶಾಸ್ತ್ರದ ಅರ್ಥವನ್ನೂ ಕೇಳಿ ತಿಳಿದುಕೊಂಡರು. ಸಂಜೆ ಅವರ ಕ್ರಮ. ಪಾರ್ಟಿ ಹಾಲ್‌ನ ಬಾಗಿಲಲ್ಲಿ ಬೀಗಿತ್ತಿ ಬ್ರೆಡ್ಡು, ಉಪ್ಪು ಹಿಡಿದು ವಧೂವರರನ್ನು ಎದುರುಗೊಂಡರು. ನಾನು ಯಾವ ಅರ್ಥವನ್ನೂ ಕೇಳಲಿಲ್ಲ.

ಊಟವಾದ ಮೇಲೆ ಮದುವೆಯಾದ ಹೆಂಗಸರೆಲ್ಲ ಹಾಡುತ್ತ ಸೊಸೆಯನ್ನು ಸುತ್ತುವರಿದರು. ಬೀಗಿತ್ತಿ ಅವಳ ತಲೆಯ ಹೂದಂಡೆಗೆ ಕೈ ಹಾಕಿದರು.

"ಅಪ್ಪ, ಹೂ ತೆಗೆದು ಟೋಪಿ ಹಾಕ್ತಾರೆ, ಅಷ್ಟೇ," ಎಂದ ಸುಧೀರ. "ಅವ್ಳು ಬೇಡ ಅಂತ ತಳ್ತಾಳೆ. ಅದೂ ಶಾಸ್ತ್ರವೇ."

ನನಗೆ ಕೇಳಿಸಿದ್ದು ಹೂ ತೆಗೆಯುವ ಮಾತು ಮಾತ್ರ. ನಮ್ಮಲ್ಲಿ ಹೆಂಗಸಿನ ಮುಡಿಯಿಂದ ಹೂ ತೆಗೆಯುತ್ತಿದ್ದುದು ಗಂಡ ಸತ್ತಾಗ. ನನ್ನ ತಾಯಿಯ ಮುಡಿಯಿಂದ ತೆಗೆದದ್ದನ್ನು ಕಣ್ಣಾರೆ ಕಂಡವನು ನಾನು. ಎದ್ದು ಹೋಗಿ ದಂಡೆಯನ್ನು ಬೀಗಿತ್ತಿಯ ಕೈಯಿಂದ ಕಿತ್ತುಕೊಂಡೆ.

"ನನ್ನ ಮಗ ಇನ್ನೂ ಬದುಕಿದ್ದಾನೆ ಕಣ್ರೀ. ಇದೆಂಥಾ ಅನಿಷ್ಟ?"

ಹೇಳಿದ್ದು ಕನ್ನಡದಲ್ಲಿ, ಆದರೆ ಕಿರುಚಿದ್ದಕ್ಕೆ ಅನುವಾದ ಬೇಕಾಗಲಿಲ್ಲ. ಹಾಡು ನಿಂತಿತು. ತಮ್ಮ ತಾಯಿ ಕಸೂತಿ ಹಾಕಿದ್ದ ಬಿಳಿಯ ಟೋಪಿಯನ್ನು ಬೀಗಿತ್ತಿ ಮಡಿಸಿ ಚೀಲದೊಳಗಿಟ್ಟರು. ಬೀಗರ ನಡುವೆ ಅಂದು ಬಿದ್ದ ಬೀಗ ಇಂದಿಗೂ ತೆರೆದಿಲ್ಲ. ಆ ಟೋಪಿ ತಲೆಗೇರಿದ ಮೇಲೆಯೇ ಅವರಲ್ಲಿ ಹುಡುಗಿ ಗೃಹಿಣಿಯಾಗುವುದೆಂದು ಸೊಸೆ ಆಮೇಲೆ ಹೇಳಿದಳು. ನಾನು ತಾಳಿ ಕಟ್ಟುವ ಕೈಯನ್ನೇ ಹಿಡಿದು ತಡೆದಂತಾಗಿತ್ತು. ತಿಳಿದ ಮೇಲೂ ಕ್ಷಮೆ ಕೇಳದೆ ಉಳಿದೆನಲ್ಲ, ಅದಕ್ಕೆ ನನ್ನ ತಾಯಿಯ ನೆಪವೂ ಒದಗುವುದಿಲ್ಲ.

ಈಗ ಮೊಮ್ಮಗಳು ಮಾಯಾಳ ಮದುವೆ, ಜಾರ್ಜ್‌ಟೌನಿನಲ್ಲಿ. ನಿನ್ನೆ ಫೋನ್ ಮಾಡಿದ್ದಳು.

"ತಾತ, ನಂಗೆ ಆ ಕ್ಯಾಪ್ ಬೇಕು. ಅಮ್ಮಂಗಂತೂ ಸಿಗ್ಲಿಲ್ಲ. ನೀವು ಇರೋ ಕಡೆ ಅದನ್ನ ಹೊರಗೆ ತೆಗಿಯಲ್ಲ ಅಂತಾರೆ ಅಮ್ಮನ ಕಡೆ ಅಜ್ಜಿ. ಯೂ ಹ್ಯಾವ್ ಟು ಆಸ್ಕ್ ಹರ್."

"ನಿಮ್ಮಪ್ಪನೇ ಕೇಳ್ಲಿ ಬಿಡಮ್ಮ."

"ಹೂ ಕಿತ್ಕೊಂಡಿದ್ದು ಡ್ಯಾಡ್ ಅಲ್ವಲ್ಲ, ತಾತ."

ಹಾಗಾಗಿ ಇವತ್ತು ಬೀಗಿತ್ತಿಯ ಮನೆಗೆ ಹೊರಟಿದ್ದೇನೆ. ಕ್ಷಮೆ ಕೇಳಲು ಮಾಯಾ ಹೇಳಿಕೊಟ್ಟ ಪೋಲಿಷ್ ಪದ ನನ್ನ ಕಟ್ಟುಹಲ್ಲಿಗೆ ಒಗ್ಗಲಿಲ್ಲ. ಕನ್ನಡದಲ್ಲೇ ಕೇಳುತ್ತೇನೆ, ಅಂದು ಕಿರುಚಿದ್ದೂ ಅದರಲ್ಲೇ ತಾನೆ. ಅವರ ಬಾಗಿಲಲ್ಲಿ, ಎಂಥ ಚಳಿಯೇ ಇರಲಿ, ಮೊದಲು ನನ್ನ ಟೋಪಿಯನ್ನು ತೆಗೆಯುತ್ತೇನೆ. ಇಷ್ಟು ವರ್ಷ ಬೀಗಿತ್ತಿಯೆಂಬ ಮರೆಯಲ್ಲಿ ಅವರ ಹೆಸರನ್ನೇ ತಪ್ಪಿಸಿಕೊಂಡು ಓಡಾಡಿದವನು, ಇವತ್ತು ಹೆಸರು ಹಿಡಿದೇ ಕರೆಯುತ್ತೇನೆ: ಹಲೀನಾ ಅವರೇ.